ಎಡಗೈಯ ಅಳತೆ

ಕೋಡಿಬಾಗದ ರಸ್ತೆಯಲ್ಲಿ ನನ್ನದು
ಮೋಟಾರು ರಿವೈಂಡಿಂಗ್ ಅಂಗಡಿ.
ಸುಟ್ಟ ಪಂಪುಗಳ ಹೊಟ್ಟೆ ಬಗೆದು
ಕರಕಲು ತಂತಿ ಕಿತ್ತು ಹೊಸತು ಸುತ್ತುವುದು ಹೊಟ್ಟೆಪಾಡು.
ಉಳಿದ ತಾಮ್ರದಲ್ಲಿ ಓಲೆ, ಬಳೆ,
ಮೊಬೈಲಿಗೊಂದು ಚೀಲ.
ಈ ಕಸುಬಿಗೆ ನಮ್ಮಲ್ಲಿ ಹೆಸರಿಲ್ಲ.
ಅಮ್ಮ ಅನ್ನುವುದು ‘ನಿನ್ನ ಕಿಟಿಕಿಟಿ’.

ಸೈಕಲ್ಲಿನ ಕಡ್ಡಿಗೆ ತಂತಿ ಸುತ್ತಿ
ಸುರುಳಿಯ ಬೆನ್ನನ್ನು ಉದ್ದಕ್ಕೂ ಕತ್ತರಿಸಿದರೆ
ಬಟ್ಟಲಿಗೆ ಉದುರುತ್ತವೆ ಬಾಯಿ ಬಿಟ್ಟ ಕೊಂಡಿಗಳು.
ಎಳೆದು ಅಗಲಿಸಬಾರದು,
ಒಮ್ಮೆ ಕೆಟ್ಟ ದುಂಡು ಮತ್ತೆ ಬರುವುದಿಲ್ಲ.
ಎರಡು ಇಕ್ಕಳದಲ್ಲಿ ಹಿಡಿದು
ಒಂದು ತುದಿ ನಿನ್ನ ಕಡೆ, ಇನ್ನೊಂದು ಆಚೆ,
ಅಗುಳಿ ತೆಗೆದ ಬಾಗಿಲಿನ ಹಾಗೆ.
ಒಂದರೊಳಗೆ ನಾಲ್ಕು ಪೋಣಿಸು, ಮುಚ್ಚು.
ಸರಿಯಾಗಿ ಮುಚ್ಚಿತೋ ಇಲ್ಲವೋ
ಕಣ್ಣಿಗೆ ಕಾಣುವುದಿಲ್ಲ,
ಉಗುರಿಗೆ ಗೊತ್ತಾಗುತ್ತದೆ.

ಶೇವಂತಿ ತಾಂಡೇಲ ಬಂದದ್ದು ಮಿಕ್ಸರ್ ರಿಪೇರಿಗೆ.
ಗೋಡೆಗೆ ತೂಗಿದ ತಾಮ್ರದ ಪಟ್ಟಿಯನ್ನು
ಬಂಗಡೆಯ ಹೊಟ್ಟೆ ಒತ್ತಿದ ಹಾಗೆ ಹೆಬ್ಬೆರಳಲ್ಲಿ ಒತ್ತಿ,
‘ಏ ವಾಯರಿನವಳೇ, ಇದನ್ನು ಮೆಟಗತ್ತಿ ಕೊಯ್ತದಾ?’
ಗೊತ್ತಿಲ್ಲ ಎಂದೆ.
ಮರುದಿನ ಮೆಟಗತ್ತಿಯನ್ನೇ ಗೋಣಿಯಲ್ಲಿ ಸುತ್ತಿ ತಂದಳು.

ಕೊಯ್ಯಲಿಲ್ಲ. ಬರೀ ಗೀಚಿತು.

‘ಹಾಗಾದ್ರೆ ಒಂದು ಗ್ಲೌಸು. ಎಡಗೈಗೆ.’
ಮೇಜಿನ ಮೇಲೆ ಕೈ ಇಟ್ಟಳು,
ಇಪ್ಪತ್ತಾರು ವರ್ಷ ಇಸ್ವಣ ಹಿಡಿದುಕೊಟ್ಟ ಕೈ,
ಉಪ್ಪು ಕುಡಿದು ಬೆಳ್ಳಗಾದ ಗೀರುಗಳು.
ಉಂಗುರದ ಬೆರಳು ನಡುಗಂಟಿಗೇ ಮುಗಿದಿತ್ತು.
ನಾನು ಕೇಳಲಿಲ್ಲ, ಅವಳೇ ಹೇಳಿದಳು:
‘ಬಾತು ಹೋಗಿತ್ತು, ಆಸ್ಪತ್ರೆಯಲ್ಲಿ
ಉಂಗುರ ಕತ್ತರಿಸಿ ತೆಗೆದರು.
ಬಾಯಿ ಬಿಟ್ಟ ಉಂಗುರ ಯಾರು ಹಾಕ್ತಾರೆ,
ವಿಠೋಬ ರಾಯ್ಕರ ತೂಕಕ್ಕೆ ತಗೊಂಡ.’

ನೂಲಿನಲ್ಲಿ ಬೆರಳುಗಳ ಉದ್ದ ತೆಗೆದೆ.
ಆ ಬೆರಳಿನ ಮುಂದೆ ‘ಅರ್ಧ’ ಎಂದು ಬರೆದದ್ದನ್ನು
ಬಗ್ಗಿ ಓದಿದಳು.
‘ಪೂರ್ತಿ ಮಾಡು.
ಒಳಗೆ ಬೆರಳಿಲ್ಲ ಅಂತ ಮೀನಿಗೇನು ಗೊತ್ತು?’

ತಾಮ್ರ ಮೂರು ದಿನ ಮೀನಿನ ನೀರಲ್ಲಿಟ್ಟದ್ದಕ್ಕೆ ಹಸಿರಾಯಿತು.
ಬೇಲಿಯ ತಂತಿ ವಾರಕ್ಕೇ ಕೆಂಪು ಕಾರಿತು.
ಬೋಟುಗಳು ಕಡಲಿಗಿಳಿಯದ ತಿಂಗಳು,
ಬೈತಖೋಲದ ದಕ್ಕೆಯಲ್ಲಿ ಬಲೆ ಹೊಲಿಯುವವರ ನಡುವೆ ನಡೆದು
ಟ್ರಾಲರಿನ ಸ್ಟೀಲು ತಂತಿ ತೂಕಕ್ಕೆ ತಂದೆ.
ಬಗ್ಗದ ತಂತಿ. ಹೆಬ್ಬೆರಳ ಬುಡದಲ್ಲಿ ಗುಳ್ಳೆ,
ಗುಳ್ಳೆಯ ಮೇಲೆ ಗುಳ್ಳೆ.
ಎರಡು ಸಾವಿರದವರೆಗೆ ಎಣಿಸಿ ಬಿಟ್ಟುಬಿಟ್ಟೆ.
ಕತ್ತಿ ತಾಗುವ ಜಾಗದ ಕೊಂಡಿಗಳಿಗೆ
ಬೆಸುಗೆ ಬೇಕಿತ್ತು. ರಾಯ್ಕರನ ಬಳಿ ಹೋದೆ.
ಊದುಗೊಳವೆ ಕಚ್ಚಿಕೊಂಡೇ ಕೇಳಿದ,
‘ಯಾರದು?’
ಹೇಳಿದೆ.
ಉರಿ ಕೊಂಚ ಅಲುಗಿತು.
ಕೂಲಿ ತೆಗೆದುಕೊಳ್ಳಲಿಲ್ಲ.
ಬೋಟು ಇಳಿದ ಮೇಲೆ ಎರಡು ಬಂಗಡೆ ಸಾಕಂತೆ.

ಬೋಟು ಇಳಿದವು. ಪೇಟೆಗೆ ಹೋದೆ.
ಕತ್ತಿಯ ಮಣೆಯ ಮೇಲೆ ಶೇವಂತಿ,
ಎಡಗೈ ಮೊಣಕಟ್ಟಿನವರೆಗೆ ಮಿನುಗುತ್ತಿದೆ.
ಕತ್ತಿ ತಡೆಯಲು ಮಾಡಿದ್ದರಿಂದ
ಇವಳು ಮೀನಿನ ಹುರುಪೆ ಉಜ್ಜುತ್ತಿದ್ದಾಳೆ!
ಬಾಲದಿಂದ ತಲೆಗೆ ಒಂದೇ ಸವರು,
ಶೇಕಡಾ ನೂರು ಬೋಳು.
ಮೀನಿನ ಕವಚ ಕಿತ್ತು ಕಿತ್ತು
ನನ್ನ ಕೊಂಡಿಗಳ ಸಂದಿಯಲ್ಲೆಲ್ಲ ಸಿಕ್ಕಿಕೊಂಡು
ಯಾವುದು ಮೀನಿನದು, ಯಾವುದು ನನ್ನದು.

ನೇವಿ ಕಾಲೊನಿಯವನೊಬ್ಬ ಫೋಟೊ ಹೊಡೆದು ಕೇಳಿದ,
‘ಇದು ಯುದ್ಧದ್ದಾ?’
‘ಹೌದು. ಎಷ್ಟು ಕಿಲೋ?’

ಚಿಲ್ಲರೆ ಕೊಡುವಾಗ
ಉಂಗುರದ ಬೆರಳಿನ ತುದಿಯನ್ನು ಹಿಂಡಿ
ಒಂದೊಂದೇ ರೂಪಾಯಿ ಬುಡಕ್ಕೆ ನೂಕಿ
ಮೊಣಕಟ್ಟಿನ ಬಾಯಿಂದ ಜಾರಿಸಿ ತೆಗೆದಳು,
ಮೂರು ನಾಣ್ಯ, ಒದ್ದೆ.
ನಾನು ಏನೋ ಹೇಳಹೊರಟೆ.

ತಲೆ ಎತ್ತದೆ ಅಂದಳು:
‘ಅದಿರಲಿ.
ನನ್ನ ಮಿಕ್ಸರ್ ಏನಾಯ್ತು?’